ಉಂಗುರ ಕಳಚಿದ ಮೇಲೆ

ಬೆಲೆ ಏರಿದಷ್ಟೂ ರುಚಿ ಏರುತ್ತದೆ ಎಂದು ನಂಬಿದವರು 2022ರಲ್ಲಿ ಕೊಹೀಬಾ ಸಿಗಾರಿಗೆ ಏನಾಯಿತೆಂದು ಒಮ್ಮೆ ನೋಡಬೇಕು. ಕ್ಯೂಬಾದ ಸಿಗಾರುಗಳನ್ನು ಜಗತ್ತಿಗೆಲ್ಲ ಮಾರುವ ಹಕ್ಕು ಹಬಾನೋಸ್ ಎಂಬ ಒಂದೇ ಸಂಸ್ಥೆಯದು. ಅದರಲ್ಲಿ ಅರ್ಧ ಪಾಲು ಕ್ಯೂಬಾ ಸರ್ಕಾರದ್ದು. ಬ್ರಿಟನ್ನಿನ ಇಂಪೀರಿಯಲ್ ಕಂಪನಿಯ ಕೈಯಲ್ಲಿದ್ದ ಉಳಿದರ್ಧ 2020ರಲ್ಲಿ ಏಷ್ಯಾದ ಹೂಡಿಕೆದಾರರ ಪಾಲಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಸಂಸ್ಥೆ ಒಂದು ತೀರ್ಮಾನಕ್ಕೆ ಬಂತು: ಕೊಹೀಬಾ ಮತ್ತು ತ್ರಿನಿದಾದ್ ಎಂಬ ತನ್ನ ಎರಡು ಮೇಲ್ದರ್ಜೆಯ ಬ್ರ್ಯಾಂಡುಗಳಿಗೆ ಇನ್ನು ಮುಂದೆ ಹಾಂಗ್‌ಕಾಂಗಿನ ಬೆಲೆಯೇ ಎಲ್ಲ ದೇಶಗಳಿಗೂ ಅಳತೆಗೋಲು. ಯುರೋಪಿನ ಹಲವು ಅಂಗಡಿಗಳಲ್ಲಿ ಅದೇ ಸಿಗಾರಿನ ಬೆಲೆ ದುಪ್ಪಟ್ಟಾಯಿತು, ಕೆಲವು ಕಡೆ ಅದನ್ನೂ ದಾಟಿತು. ಹೊಲ ಅದೇ, ಎಲೆ ಅದೇ, ಸುತ್ತುವ ಕೈಯೂ ಅದೇ. ಬದಲಾದದ್ದು ಬೆಲೆಚೀಟಿ ಮಾತ್ರ.

ಕೊಳ್ಳುವವರು ಬಿಟ್ಟು ಓಡಿದರೇ? ಓಡಲಿಲ್ಲ. ಸಂಸ್ಥೆಯೇ ಪ್ರಕಟಿಸಿದ ಲೆಕ್ಕದಂತೆ 2022ರ ವಹಿವಾಟು 54.5 ಕೋಟಿ ಡಾಲರ್, 2023ರದ್ದು 72.1 ಕೋಟಿ, 2024ರದ್ದು 82.7 ಕೋಟಿ. ಇದರಲ್ಲಿ ಚೀನಾದ ಶ್ರೀಮಂತರ ಪಾಲು ದೊಡ್ಡದು. ಸಿಗಾರ್ ಸಾಕಷ್ಟು ಸಿಗುತ್ತಿಲ್ಲ, ಬೇಕೆನ್ನುವವರು ಹೆಚ್ಚಿದ್ದಾರೆ, ಮಾರುವವನು ಒಬ್ಬನೇ. ಇಂಥಲ್ಲಿ ಬೆಲೆ ಏರದಿದ್ದರೆ ಆಶ್ಚರ್ಯ. ಹಾಗಾಗಿ ನನ್ನ ಜಗಳ ಬೆಲೆಯ ಜೊತೆ ಅಲ್ಲ. ಬೆಲೆ ಏರಿದ್ದಕ್ಕೆ ನಾಲಿಗೆಯಿಂದ ಸಾಕ್ಷಿ ಹೇಳಿಸುವ ರಸಿಕರ ಜೊತೆ. ಹಿಂದೆ ‘ಚೆನ್ನಾಗಿದೆ’ ಅನ್ನಿಸಿಕೊಳ್ಳುತ್ತಿದ್ದ ಸಿಗಾರು, ಬೆಲೆ ಏರಿದ ಮೇಲೆ ‘ಗಂಭೀರ’ವಾಗುತ್ತದೆ, ‘ಬಹುಪದರ’ದ್ದಾಗುತ್ತದೆ, ‘ಅನುಭವ’ವಾಗುತ್ತದೆ. ಕೊಟ್ಟ ಹಣಕ್ಕೆ ನ್ಯಾಯ ಒದಗಿಸುವ ಕೆಲಸ ವಿಶೇಷಣಗಳ ತಲೆಗೆ ಬರುತ್ತದೆ.

ಇವರ ಎದುರು ಪಾಳೆಯದಲ್ಲಿ ಇನ್ನೊಂದು ಗುಂಪಿದೆ. ‘ಎಲ್ಲ ಬರೀ ಹೊಗೆ ಸ್ವಾಮಿ, ರುಚಿಯೂ ಇಲ್ಲ ಮಣ್ಣೂ ಇಲ್ಲ, ದುಡ್ಡಿದ್ದವರ ಶೋಕಿ’ ಎಂದು ಒಂದೇ ಮಾತಿನಲ್ಲಿ ಮುಗಿಸುವವರು. ಇವರಿಗೂ ಮೊದಲಿನವರಿಗೂ ಸಂಬಂಧವಿಲ್ಲವೆಂದು ಮೇಲ್ನೋಟಕ್ಕೆ ಅನ್ನಿಸಬಹುದು. ಆದರೆ ಇಬ್ಬರದೂ ಒಂದೇ ಸೋಮಾರಿತನ. ಒಬ್ಬರು ಬೆಲೆ ನೋಡಿ ಹೊಗಳುತ್ತಾರೆ, ಇನ್ನೊಬ್ಬರು ಬೆಲೆ ನೋಡಿ ಬೈಯುತ್ತಾರೆ. ಎಲೆಯನ್ನು ನೋಡುವ ತಾಳ್ಮೆ ಇಬ್ಬರಿಗೂ ಇಲ್ಲ. ಸಾಹಿತ್ಯದ ಓದುಗರಾದ ನಮಗೆ ಈ ಎರಡೂ ಜಾತಿಯವರು ಹೊಸಬರೇನಲ್ಲ. ಪ್ರಶಸ್ತಿ ಬಂದ ಕಾದಂಬರಿಯಲ್ಲಿ ಮರುದಿನವೇ ಆಳ ಕಾಣುವವರನ್ನೂ, ಪ್ರಶಸ್ತಿ ಬಂತು ಎಂಬ ಕಾರಣಕ್ಕೇ ಅದನ್ನು ಓದದೆ ಬಿಡುವವರನ್ನೂ ನಾವು ಕಂಡಿದ್ದೇವೆ.

ಹಾಗಾದರೆ ಎಲೆಯಿಂದಲೇ ಶುರು ಮಾಡೋಣ.

ಕ್ಯೂಬಾದ ಪಶ್ಚಿಮ ತುದಿಯ ಪಿನಾರ್ ದೆಲ್ ರಿಯೊ ಪ್ರಾಂತ್ಯದಲ್ಲಿ ವುವೆಲ್ತಾ ಅಬಾಹೊ ಎಂಬ ಸೀಮೆಯಿದೆ. ಅದರೊಳಗೂ ಸಾನ್ ಲೂಯಿಸ್ ಮತ್ತು ಸಾನ್ ಹುವಾನ್ ಇ ಮಾರ್ತಿನೆಸ್ ಎಂಬ ಎರಡು ಊರುಗಳ ಸುತ್ತಲಿನ ಕೆಂಪು ಮಿಶ್ರಿತ ಮರಳು ಮಣ್ಣಿಗೆ ಹೆಚ್ಚು ಹೆಸರು. ಇಲ್ಲಿ ಗಿಡವನ್ನು ಬುಡಸಮೇತ ಕತ್ತರಿಸುವುದಿಲ್ಲ. ಕೆಳಗಿನಿಂದ ಮೇಲಕ್ಕೆ, ಒಂದೆರಡು ಎಲೆಗಳಂತೆ, ದಿನಗಳ ಅಂತರ ಕೊಟ್ಟು ಕೈಯಿಂದ ಬಿಡಿಸುತ್ತಾರೆ. ಒಂದೇ ಗಿಡದಲ್ಲಿ ಬುಡದ ಎಲೆ ಬೇರೆ, ನಡುವಿನದು ಬೇರೆ, ತುದಿಯದು ಬೇರೆ. ಬುಡದ ವೊಲಾದೊ ಚೆನ್ನಾಗಿ ಉರಿಯುತ್ತದೆ, ಆದರೆ ರುಚಿ ತೆಳು. ನಡುವಿನ ಸೆಕೊ ಪರಿಮಳಕ್ಕೆ. ತುದಿಯ ಲಿಹೆರೊ ಬಿಸಿಲನ್ನೆಲ್ಲ ಕುಡಿದು ದಪ್ಪವಾಗಿ, ಜಿಡ್ಡಾಗಿ, ಖಾರವಾಗಿರುತ್ತದೆ, ನಿಧಾನ ಉರಿಯುತ್ತದೆ. ಕೆಲವು ಗಿಡಗಳ ನೆತ್ತಿಯಲ್ಲಿ ಮಾತ್ರ ಇನ್ನೂ ಎರಡು ಪುಟ್ಟ ಎಲೆ ಉಳಿಯುತ್ತವೆ. ಅವಕ್ಕೆ ಮೆದಿಯೊ ತಿಯೆಂಪೊ ಎಂದು ಹೆಸರು. 2010ರಲ್ಲಿ ಬಂದ ಕೊಹೀಬಾ ಬೆಹೀಕೆಯ ಹೆಗ್ಗಳಿಕೆ ಈ ಎಲೆಯೇ. ಹೊರಗೆ ಸುತ್ತುವ ಹೊದಿಕೆಯ ಎಲೆಯ ಬೇಸಾಯವೇ ಬೇರೆ. ಇಡೀ ಹೊಲಕ್ಕೆ ತೆಳು ಬಿಳಿ ಬಟ್ಟೆಯ ಚಪ್ಪರ ಹಾಕಿ ನೆರಳಲ್ಲಿ ಬೆಳೆಸುತ್ತಾರೆ, ನರಗಳು ದಪ್ಪವಾಗದೆ ಎಲೆ ರೇಷ್ಮೆಯಂತಾಗಲಿ ಎಂದು.

ಬಿಡಿಸಿದ ಎಲೆಗಳನ್ನು ಜೋಡಿ ಜೋಡಿಯಾಗಿ ಹೊಲಿದು, ಗಳುಗಳಿಗೆ ನೇತುಹಾಕಿ, ಮರದ ಎತ್ತರದ ಮನೆಗಳಲ್ಲಿ ಐವತ್ತು ದಿನಗಳಷ್ಟು ಒಣಗಲು ಬಿಡುತ್ತಾರೆ. ಹಸಿರು ಹಳದಿಯಾಗಿ, ಹಳದಿ ಕಂದಾಗುತ್ತದೆ. ಆಮೇಲೆ ರಾಶಿ ಹಾಕಿ ಹುದುಗಲು ಇಡುತ್ತಾರೆ. ತಿಪ್ಪೆಯೊಳಗೆ ಕೈಯಿಟ್ಟವರಿಗೆ ಆ ಬಿಸಿ ಗೊತ್ತು, ಇದೂ ಅಂಥದೇ ಬಿಸಿ. ಒಳಗಿನ ಬಿಸಿ ಮಿತಿಮೀರುವ ಮುನ್ನ ರಾಶಿ ಒಡೆದು, ಮೇಲಿನದನ್ನು ಕೆಳಗೆ ಮಾಡಿ ಮತ್ತೆ ಕಟ್ಟಬೇಕು. ಈ ಹೊತ್ತಿನಲ್ಲಿ ಎಲೆಯಿಂದ ಅಮೋನಿಯಾ ಹೊರಟುಹೋಗುತ್ತದೆ, ಒಗರು ಇಳಿಯುತ್ತದೆ. ಬೇರೆ ಬ್ರ್ಯಾಂಡುಗಳ ಎಲೆಗೆ ಎರಡು ಸಲ ಈ ಹುದುಗು. ಕೊಹೀಬಾದೊಳಗಿನ ಸೆಕೊ ಮತ್ತು ಲಿಹೆರೊಗೆ ಮರದ ಪೀಪಾಯಿಗಳಲ್ಲಿ ಮೂರನೆಯ ಸಲ. ಆ ನಂತರವೂ ಮೂಟೆ ಕಟ್ಟಿ ತಿಂಗಳು, ವರ್ಷಗಳ ಕಾಲ ಇಡುವುದಿದೆ. ಹೊಲದಿಂದ ಪೆಟ್ಟಿಗೆಗೆ ಬರುವ ಹೊತ್ತಿಗೆ ಎಲೆಯನ್ನು ಎಷ್ಟು ಕೈಗಳು ಮುಟ್ಟಿರುತ್ತವೆ ಎಂದು ಲೆಕ್ಕ ಇಡುವುದೇ ಕಷ್ಟ.

ಕೊನೆಗೆ ಸುತ್ತುವವರ ಮೇಜು. ತೋರ್ಸೆದೋರ್ ಎಂಬ ಈ ಕುಶಲಿಗೆ ಇರುವ ಮುಖ್ಯ ಆಯುಧ ಚಾವೆತಾ ಎಂಬ ಹಿಡಿಯಿಲ್ಲದ ಬಾಗಿದ ಅಲಗು. ಒಳಗಿನ ಎಲೆಗಳನ್ನು ಒಂದರ ಮೇಲೊಂದು ಮಡಿಸಿ, ಗಾಳಿ ಹೋಗಲು ಸಂದು ಬಿಟ್ಟು, ನಿಧಾನ ಉರಿಯುವ ಲಿಹೆರೊ ನಟ್ಟನಡುವೆ ಬರುವಂತೆ ಜೋಡಿಸಬೇಕು. ಲಿಹೆರೊ ಅಂಚಿಗೆ ಸರಿದರೆ ಸಿಗಾರು ಒಂದೇ ಪಕ್ಕ ಉರಿಯುತ್ತದೆ. ಬಿಗಿ ಹೆಚ್ಚಾದರೆ ಎಳೆದರೂ ಹೊಗೆ ಬರದು, ಸಡಿಲವಾದರೆ ಬೇಗ ಕಾದು ನಾಲಿಗೆ ಸುಡುತ್ತದೆ, ಕಹಿಯಾಗುತ್ತದೆ. ಮೂರು ನಾಲ್ಕು ವರ್ಷದ ಕೆಲಸವನ್ನು ಒಂದು ಹೆಬ್ಬೆರಳು ಅರೆಕ್ಷಣದಲ್ಲಿ ಕೆಡಿಸಬಲ್ಲದು. 1990ರ ದಶಕದ ಕೊನೆಯಲ್ಲಿ ಅಮೆರಿಕ ಎಬ್ಬಿಸಿದ ಸಿಗಾರ್ ಹುಚ್ಚಿಗೆ ಜಗತ್ತೆಲ್ಲ ಕುಣಿಯುತ್ತಿದ್ದಾಗ ಕ್ಯೂಬಾ ಅವಸರದಲ್ಲಿ ಉತ್ಪಾದನೆ ಹೆಚ್ಚಿಸಿತು. ಆಗ ಹೊರಬಂದ ಸಿಗಾರುಗಳಲ್ಲಿ ಉಸಿರು ಕಟ್ಟಿದವು ಎಷ್ಟೋ. ಆಮೇಲೆಯೇ ಕಾರ್ಖಾನೆಗಳಿಗೆ ಎಳೆತ ಪರೀಕ್ಷಿಸುವ ಯಂತ್ರಗಳು ಬಂದದ್ದು.

ಇದನ್ನೆಲ್ಲ ಇಷ್ಟು ಎಳೆದು ಹೇಳಿದ್ದಕ್ಕೆ ಕಾರಣವಿದೆ. ರುಚಿ ಎಂಬುದು ಇಲ್ಲಿ ಕಲ್ಪನೆಯಲ್ಲ. ಹೊಗೆಯಲ್ಲಿ ಪೈರಜಿನ್ ಎಂಬ ಗುಂಪಿನ ಸಂಯುಕ್ತಗಳಿವೆ. ಹುರಿದ ಕಾಫಿಬೀಜದಲ್ಲಿ, ಕೋಕೋದಲ್ಲಿ ಇರುವಂಥವೇ. ಆದ್ದರಿಂದ ಒಬ್ಬರು ಸಿಗಾರ್ ಸೇದಿ ‘ಕಾಫಿ ನೆನಪಾಯಿತು’ ಅಂದರೆ ನಗಬೇಕಾಗಿಲ್ಲ. ಆ ಪರಿಮಳದ ಬಹುಪಾಲು ನಾಲಿಗೆಗೆ ಸಿಗುವುದೂ ಇಲ್ಲ. ಬಾಯಿಯ ಹೊಗೆಯನ್ನು ಎದೆಗಿಳಿಸದೆ ಸ್ವಲ್ಪವನ್ನು ಮೂಗಿನಿಂದ ಹೊರಬಿಟ್ಟಾಗ ಮಾತ್ರ ತಿಳಿಯುತ್ತದೆ. ಸಿಗಾರಿನ ಮೊದಲ ಭಾಗ, ನಡುಭಾಗ, ಕೊನೆಯ ಭಾಗ ಬೇರೆ ಬೇರೆಯಾಗಿ ತೋರುವುದಕ್ಕೂ ಕಾರಣವಿದೆ. ಉರಿಯುತ್ತ ಹೋದಂತೆ ಟಾರು, ನಿಕೋಟಿನ್ ಹಿಂದಿನ ಎಲೆಗಳಲ್ಲಿ ಇಳಿದು ಕೂಡುತ್ತವೆ, ಬೆಂಕಿಯೂ ಬಾಯಿಗೆ ಹತ್ತಿರವಾಗುತ್ತದೆ. ಅವಸರದಲ್ಲಿ ಎಳೆದವನಿಗೆ ಜಗತ್ತಿನ ಯಾವ ಸಿಗಾರೂ ಕಹಿಯೇ. ನಮ್ಮ ಕಾವ್ಯಮೀಮಾಂಸೆಯಲ್ಲಿ ರಸಾನುಭವಕ್ಕೆ ‘ಚರ್ವಣೆ’ ಎಂಬ ಪದವಿದೆ, ಅಂದರೆ ಅಗಿಯುವುದು. ಅಗಿಯಲು ಹೊತ್ತು ಬೇಕು, ಅಭ್ಯಾಸ ಬೇಕು ಎಂದು ಆ ಪಂಡಿತರಿಗೆ ಗೊತ್ತಿತ್ತು. ಅವರು ಯಾರೂ ರಸಕ್ಕೆ ನೂರಕ್ಕೆ ಇಷ್ಟು ಎಂದು ಅಂಕ ಕೊಟ್ಟದ್ದನ್ನು ನಾನು ಓದಿಲ್ಲ.

ಅಂಕದ ವಿಷಯಕ್ಕೆ ಬರುತ್ತೇನೆ. ವೈನಿಗೆ ನೂರಕ್ಕೆ ಅಂಕ ಕೊಡುವ ರೂಢಿಯನ್ನು ಜನಪ್ರಿಯ ಮಾಡಿದವರು ಅಮೆರಿಕದ ರಾಬರ್ಟ್ ಪಾರ್ಕರ್. 1992ರಲ್ಲಿ, ಅದಾಗಲೇ ವೈನಿನ ಪತ್ರಿಕೆಯೊಂದನ್ನು ನಡೆಸುತ್ತಿದ್ದ ಮಾರ್ವಿನ್ ಶಾಂಕೆನ್ ಅವರು ಸಿಗಾರ್ ಅಫಿಸಿಯೊನಾಡೊ ಎಂಬ ಪತ್ರಿಕೆ ತೆಗೆದು ಆ ಅಳತೆಗೋಲನ್ನು ಸಿಗಾರಿಗೂ ಹಿಡಿದರು. 2010ರ ಅವರ ವರ್ಷದ ಸಿಗಾರ್ ಯಾವುದು? ಕೊಹೀಬಾ ಬೆಹೀಕೆ 52, ನೂರಕ್ಕೆ 97. ಆ ಸಂಖ್ಯೆ ಇಂದಿಗೂ ಅಂಗಡಿಗಳ ಪಟ್ಟಿಯಲ್ಲಿ ಬೆಹೀಕೆಯ ಹೆಸರಿಗೆ ಬಾಲದಂತೆ ಅಂಟಿಕೊಂಡಿದೆ.

97 ಅಂದರೆ ಏನು? 96ಕ್ಕಿಂತ ಒಂದು ಹೆಚ್ಚು. ಆ ಒಂದು ಎಲ್ಲಿಂದ ಬಂತು, ಲಿಹೆರೊದಿಂದಲೋ ಹುದುಗಿನಿಂದಲೋ ಹೆಬ್ಬೆರಳಿನಿಂದಲೋ? ಸಂಖ್ಯೆ ಹೇಳುವುದಿಲ್ಲ. ವೈನಿಗಾದರೆ ಒಂದು ಸಮರ್ಥನೆಯಿದೆ: ಒಂದು ವರ್ಷದ ಒಂದು ತೊಟ್ಟಿಯ ವೈನು ಸಾವಿರಾರು ಬಾಟಲಿಗಳಲ್ಲಿ ಹೆಚ್ಚು ಕಡಿಮೆ ಒಂದೇ. ಸಿಗಾರು ಹಾಗಲ್ಲ. ಪ್ರತಿಯೊಂದೂ ಬೇರೆಯಾಗಿ ಸುತ್ತಿದ್ದು, ಒಂದೇ ಪೆಟ್ಟಿಗೆಯೊಳಗೂ ಒಂದಕ್ಕೆ ಎಳೆತ ಸರಾಗ, ಪಕ್ಕದ್ದಕ್ಕೆ ಬಿಗಿ. ವರ್ಷ ವರ್ಷದ ಬೆಳೆ ಬೇರೆಯಾದ್ದರಿಂದ ಒಂದೇ ಬ್ರ್ಯಾಂಡಿನ ಹದ ಉಳಿಸಿಕೊಳ್ಳಲು ಮಿಶ್ರಣ ಮಾಡುವವರು ಪ್ರತಿ ಸಲವೂ ಒದ್ದಾಡುತ್ತಾರೆ. 2010ರಲ್ಲಿ ಯಾರೋ ಸೇದಿ ಬೂದಿಯಾದ ಕೆಲವು ಸಿಗಾರುಗಳ ಅಂಕವನ್ನು ಇವತ್ತು ನಿಮ್ಮ ಕೈಯಲ್ಲಿರುವ ಸಿಗಾರಿಗೆ ಕೊಡುವುದೆಂದರೆ ಅಣ್ಣನ ಅಂಕಪಟ್ಟಿ ಹಿಡಿದು ತಮ್ಮನಿಗೆ ಸೀಟು ಕೇಳಿದಂತೆ.

‘ಉಂಗುರ ತೆಗೆದು, ಹೆಸರು ಗೊತ್ತಿಲ್ಲದೆ ರುಚಿ ನೋಡುತ್ತೇವೆ’ ಎಂದು ಆ ಪತ್ರಿಕೆಯವರು ಹೇಳುತ್ತಾರೆ. ಒಳ್ಳೆಯ ಪದ್ಧತಿ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬೆಹೀಕೆಯ ತಲೆಯಲ್ಲಿ ಜುಟ್ಟಿನಂಥ ಪುಟ್ಟ ತಿರುವು ಇರುತ್ತದೆ, ಅದರ ದಪ್ಪ ಉದ್ದಗಳೂ ಬೇರೆಯೇ. ನೂರಾರು ಸಿಗಾರು ಕಂಡ ಪರೀಕ್ಷಕನಿಗೆ ಉಂಗುರವಿಲ್ಲದಿದ್ದರೂ ಜುಟ್ಟು ಕಾಣುತ್ತದಲ್ಲ! ಷರ್ಲಾಕ್ ಹೋಮ್ಸ್ ತನ್ನ ಮೊದಲ ಕಥೆಯಲ್ಲೇ ನಮ್ಮ ತಿರುಚಿರಾಪಳ್ಳಿಯ ಚುಟ್ಟವನ್ನು ಬೂದಿಯಿಂದ ಗುರುತಿಸುತ್ತಾನೆ. ಈಗಿನ ರಸಿಕರು ಉಂಗುರದಿಂದ ಗುರುತಿಸುತ್ತಾರೆ, ಬೂದಿಯತ್ತ ತಿರುಗಿಯೂ ನೋಡುವುದಿಲ್ಲ.

ಒಂದು ಸಣ್ಣ ಪರೀಕ್ಷೆ ಮಾಡಿ. ಯಾವುದಾದರೂ ಐದು ದುಬಾರಿ ಸಿಗಾರುಗಳ ವಿಮರ್ಶೆ ತೆಗೆದುಕೊಂಡು ಹೆಸರುಗಳನ್ನು ಅಳಿಸಿ. ತೊಗಲು, ದೇವದಾರು, ಮಣ್ಣು, ಕೋಕೋ, ಹುರಿದ ಬೀಜ, ಕೆನೆ. ಈ ಆರು ಮಾತು ಐದರಲ್ಲೂ ಸ್ಥಾನ ಬದಲಿಸಿಕೊಂಡು ಕೂತಿರುತ್ತವೆ. ಯಾವುದು ಯಾವುದರದೆಂದು ಬರೆದವರೇ ಹೇಳಲಾರರು. ಒಮ್ಮೆ ಗೆಳೆಯರ ಕೂಟದಲ್ಲಿ ವಿದೇಶದಿಂದ ಬಂದ ಕೊಹೀಬಾ ಒಂದು ಕೈಯಿಂದ ಕೈಗೆ ದಾಟುತ್ತಿತ್ತು. ಮೊದಲನೆಯವರು ‘ಮಳೆ ಬಿದ್ದ ಮಣ್ಣು’ ಅಂದರು. ಆಮೇಲೆ ಉಳಿದ ನಾಲ್ವರಿಗೂ ಮಳೆ ಬಿದ್ದ ಮಣ್ಣೇ ಸಿಕ್ಕಿತು. ಅದರಲ್ಲಿ ಒಬ್ಬರು ಅದೇ ಸಂಜೆ ಬಾಗಿಲ ಹೊರಗೆ ನಿಂತಿದ್ದ ಚಾಲಕನ ಬೀಡಿಯ ವಾಸನೆಗೆ ಮೂಗು ಮುಚ್ಚಿಕೊಂಡಿದ್ದರು. ಎರಡೂ ಹೊಗೆಗಳು ಒಂದೇ ಎಂದು ನಾನು ಹೇಳುತ್ತಿಲ್ಲ, ಖಂಡಿತ ಒಂದೇ ಅಲ್ಲ. ಆದರೆ ಆ ಮೂಗು ಮುಚ್ಚಿದ್ದು ಹೊಗೆಯನ್ನು ತೂಗಿ ನೋಡಿ ಅಲ್ಲ.

ಇಲ್ಲಿ ಸಾಹಿತ್ಯದ ವಿದ್ಯಾರ್ಥಿಯೊಬ್ಬರು ಎದ್ದು ನಿಲ್ಲಬಹುದು: ‘ರುಚಿ ಬರೀ ರಾಸಾಯನಿಕವೇ? ಕಥೆಯೂ ರುಚಿಯ ಭಾಗವಲ್ಲವೇ? ಕೊಹೀಬಾ ಸೇದುವವನು ಕ್ರಾಂತಿಯನ್ನೂ, ಕ್ಯಾಸ್ಟ್ರೊನನ್ನೂ ಸೇದುತ್ತಾನಲ್ಲ?’ ಒಳ್ಳೆಯ ಪ್ರಶ್ನೆ, ಸಿಗಾರ್ ಮಾರುವವರಿಗಂತೂ ಇದು ಬಹಳ ಪ್ರಿಯವಾದ ಪ್ರಶ್ನೆ. ಹಾಗಾದರೆ ಕಥೆಯನ್ನು ಪೂರ್ತಿಯಾಗಿ ಹೇಳಬೇಕು. 1960ರ ದಶಕದಲ್ಲಿ ಫಿಡೆಲ್ ಕ್ಯಾಸ್ಟ್ರೊ ಅವರ ಅಂಗರಕ್ಷಕನೊಬ್ಬ ಸೇದುತ್ತಿದ್ದ ಸಿಗಾರಿನ ಪರಿಮಳ ಅವರಿಗೆ ಹಿಡಿಸಿತು, ಅದನ್ನು ಸುತ್ತಿದವನನ್ನು ಹುಡುಕಿಸಿದರು, 1966ರ ಹೊತ್ತಿಗೆ ಕೊಹೀಬಾ ಹುಟ್ಟಿತು, ಹವಾನಾದ ಎಲ್ ಲಗೀತೊ ಎಂಬ ಬಂಗಲೆಯಲ್ಲಿ ಅದನ್ನು ಸುತ್ತಲು ತರಬೇತಾದವರು ಹೆಣ್ಣುಮಕ್ಕಳು. ಮೊದಲ ವರ್ಷಗಳಲ್ಲಿ ಅದು ಅಂಗಡಿಯ ಸರಕಾಗಿರಲಿಲ್ಲ, ದೊರೆಗಳಿಗೂ ರಾಯಭಾರಿಗಳಿಗೂ ಕೊಡುವ ಉಡುಗೊರೆ. 1982ರಲ್ಲಿ ಮಾರಾಟಕ್ಕೆ ಬಂತು. 1985ರಲ್ಲಿ, ಧೂಮಪಾನದ ವಿರುದ್ಧ ದೇಶದಲ್ಲಿ ಪ್ರಚಾರ ನಡೆಸುವ ಸಲುವಾಗಿ, ಕ್ಯಾಸ್ಟ್ರೊ ಸಿಗಾರ್ ಬಿಟ್ಟರು. ಈ ಕೊನೆಯ ವಾಕ್ಯ ಕಥೆಯಲ್ಲಿ ಸಾಮಾನ್ಯವಾಗಿ ಕಾಣೆಯಾಗಿರುತ್ತದೆ.

ಕಥೆಯ ಇನ್ನೊಂದು ಮುಖ ಅಮೆರಿಕದ್ದು. 1962ರ ಫೆಬ್ರವರಿಯಲ್ಲಿ ಅಧ್ಯಕ್ಷ ಕೆನಡಿ ಕ್ಯೂಬಾದ ಮೇಲೆ ವಾಣಿಜ್ಯ ನಿರ್ಬಂಧಕ್ಕೆ ಸಹಿ ಹಾಕುವ ಮುನ್ನ ತನ್ನ ಪತ್ರಿಕಾ ಕಾರ್ಯದರ್ಶಿ ಪಿಯರ್ ಸಾಲಿಂಜರ್ ಅವರಿಂದ ರಾತ್ರೋರಾತ್ರಿ 1,200 ಪೆಟಿಟ್ ಅಪ್‌ಮನ್ ಸಿಗಾರುಗಳನ್ನು ತರಿಸಿಕೊಂಡರಂತೆ, ಸಾಲಿಂಜರ್ ಅವರೇ ಬರೆದುಕೊಂಡಿದ್ದಾರೆ. ತಮಾಷೆಯ ಕಥೆ. ಆದರೆ ಆ ಸಹಿಯ ನಂತರ ಕ್ಯೂಬಾ ಸಿಗಾರು ದೊಡ್ಡ ಮಾರುಕಟ್ಟೆಯೊಂದರಲ್ಲಿ ನಿಷಿದ್ಧ ಫಲವಾಯಿತು. ಒಬಾಮಾ ಕಾಲದಲ್ಲಿ ಪ್ರವಾಸಿಗರ ಚೀಲದಲ್ಲಿ ತರಲು ಬಿಟ್ಟಿದ್ದನ್ನು 2020ರಲ್ಲಿ ಟ್ರಂಪ್ ಸರ್ಕಾರ ಮತ್ತೆ ನಿಲ್ಲಿಸಿತು. ನಿಷೇಧಕ್ಕೆ ರುಚಿಯಿದೆ, ಯಾವ ಹಾಸ್ಟೆಲಿನ ಹುಡುಗರನ್ನಾದರೂ ಕೇಳಿ. ಆ ರುಚಿ ಎಲೆಯದಲ್ಲ. ಕ್ರಾಂತಿಯ ನಂತರ ಕಾರ್ಖಾನೆಗಳು ರಾಷ್ಟ್ರೀಕರಣಗೊಂಡಾಗ ದೇಶ ಬಿಟ್ಟ ಕುಟುಂಬಗಳು ಹೆಸರುಗಳನ್ನೂ ಜೊತೆಗೆ ಒಯ್ದವು. ಇವತ್ತು ಹವಾನಾದ ಮಾಂಟೆಕ್ರಿಸ್ಟೊ ಒಂದು, ಡೊಮಿನಿಕನ್ ಗಣರಾಜ್ಯದ ಎಲೆಯಲ್ಲಿ ಸುತ್ತಿ ಅಮೆರಿಕದಲ್ಲಿ ಮಾರುವ ಮಾಂಟೆಕ್ರಿಸ್ಟೊ ಇನ್ನೊಂದು. ಕೊಹೀಬಾವೂ ಎರಡು. ಸ್ವಿಟ್ಜರ್ಲೆಂಡಿನ ಜಿನೊ ಡೇವಿಡಾಫ್ ಅಂತೂ 1989ರಲ್ಲಿ ಗುಣಮಟ್ಟ ಸಾಲದೆಂದು ಒಂದು ಲಕ್ಷಕ್ಕೂ ಹೆಚ್ಚು ಕ್ಯೂಬಾ ಸಿಗಾರುಗಳನ್ನು ಬಹಿರಂಗವಾಗಿ ಸುಟ್ಟು, ಕ್ಯೂಬಾ ಬಿಟ್ಟು ಡೊಮಿನಿಕನ್ ಎಲೆಗೆ ಹೋದರು. ಹೆಸರೇ ರುಚಿ ಎನ್ನುವವರು ಈ ಎರಡೆರಡು ಹೆಸರುಗಳಲ್ಲಿ ಯಾವುದನ್ನು ನಂಬುತ್ತಾರೆ?

ಹವಾನಾದ ಬೀದಿಯಲ್ಲಿ ‘ನನ್ನ ಅಣ್ಣ ಕಾರ್ಖಾನೆಯಲ್ಲಿದ್ದಾನೆ, ಅಗ್ಗಕ್ಕೆ ಕೊಡುತ್ತಾನೆ’ ಎಂದು ಕರೆದೊಯ್ದು ನಕಲಿ ಕೊಹೀಬಾ ಪೆಟ್ಟಿಗೆ ಮಾರುವವರಿದ್ದಾರೆ. ಪ್ರವಾಸಿಗರು ಊರಿಗೆ ಒಯ್ದು ಸೇದಿ, ಅದರಲ್ಲೂ ದೇವದಾರು, ಕೋಕೋ ಕಾಣುತ್ತಾರೆ. ಉಂಗುರದ ಕಾಗದಕ್ಕೆ ಇರುವ ಪರಿಮಳ ಅಷ್ಟು!

ಕಥೆ ರುಚಿಯ ಭಾಗ ಎಂಬ ವಾದವನ್ನು ನಾನು ಒಪ್ಪುವ ಒಂದು ಜಾಗವಿದೆ. ಅದು ಕ್ಯಾಸ್ಟ್ರೊನ ಕಥೆಯಲ್ಲ, ಮೇಜಿನದು. 1865ರಲ್ಲಿ ಹವಾನಾದ ಎಲ್ ಫೀಗಾರೊ ಕಾರ್ಖಾನೆಯಲ್ಲಿ, ಸಿಗಾರ್ ಸುತ್ತುವವರು ಕೆಲಸ ಮಾಡುತ್ತಿರುವಾಗ ಅವರಿಗೆ ಗಟ್ಟಿಯಾಗಿ ಓದಿ ಹೇಳುವ ಪದ್ಧತಿ ಶುರುವಾಯಿತು. ಓದುವವನಿಗೆ ಲೆಕ್ತೋರ್ ಎಂದು ಹೆಸರು. ಅವನ ಸಂಬಳ ಯಜಮಾನ ಕೊಡುತ್ತಿರಲಿಲ್ಲ, ಕೆಲಸಗಾರರೇ ತಮ್ಮ ಕೂಲಿಯಿಂದ ಕೊಡುತ್ತಿದ್ದರು. ಯಾವ ಪುಸ್ತಕ ಓದಬೇಕೆಂದು ಅವರೇ ಮತ ಹಾಕುತ್ತಿದ್ದರು. ಅಕ್ಷರ ಬಾರದ ಎಷ್ಟೋ ಜನ ಹಾಗೆ ಹ್ಯೂಗೊ, ಡ್ಯೂಮಾ ಕಾದಂಬರಿಗಳನ್ನು ಕೇಳಿದರು. ಓದು ಹಿಡಿಸಿದರೆ ಚಾವೆತಾವನ್ನು ಹಲಗೆಗೆ ಬಡಿದು ಸದ್ದು ಮಾಡುತ್ತಿದ್ದರು. ಮರುವರ್ಷವೇ ಸರ್ಕಾರ ಹೆದರಿ ನಿಷೇಧ ಹೇರಿತು. ನಿಷೇಧ ಹೋಯಿತು, ಓದು ಉಳಿಯಿತು. ಫ್ಲಾರಿಡಾದ ಟ್ಯಾಂಪಾಗೆ ವಲಸೆ ಹೋದ ಕ್ಯೂಬನ್ನರು ಲೆಕ್ತೋರನನ್ನೂ ಒಯ್ದರು, ಅಲ್ಲಿನ ಕಾರ್ಖಾನೆ ಮಾಲೀಕರು 1931ರಲ್ಲಿ ಅವನನ್ನು ಹೊರಹಾಕಿದರು. 2012ರಲ್ಲಿ ಕ್ಯೂಬಾ ಈ ಓದನ್ನು ರಾಷ್ಟ್ರದ ಸಾಂಸ್ಕೃತಿಕ ಪರಂಪರೆ ಎಂದು ಘೋಷಿಸಿತು. 1935ರಲ್ಲಿ ಹುಟ್ಟಿದ ಮಾಂಟೆಕ್ರಿಸ್ಟೊ ಸಿಗಾರಿಗೆ ಆ ಹೆಸರು ಬಂದದ್ದು ಡ್ಯೂಮಾನ ಕಾದಂಬರಿಯಿಂದ. ಸಿಗಾರಿನ ಹೆಸರಿನಲ್ಲಿ ಕಾದಂಬರಿ ಇದೆ, ಆದರೆ ಅದನ್ನು ಓದಿಸಿಕೊಂಡ ಕೈಗಳ ಹೆಸರಿಲ್ಲ.

ಇದು ನಮಗೆ ದೂರದ ಸುದ್ದಿ ಅನ್ನಿಸಬಾರದು. ಸಿಗಾರನ್ನೂ ಬೀಡಿಯನ್ನೂ ಒಂದೇ ಸಾಲಿನಲ್ಲಿ ಕೂರಿಸಿದ ಕಾನೂನು ನಮ್ಮಲ್ಲೇ ಬಂದಿತ್ತು: 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ. ಕೇರಳ ಅದನ್ನು ಜಾರಿಗೆ ತರಲು ಹೊರಟಾಗ, 1968ರಲ್ಲಿ, ಮಂಗಳೂರು ಮೂಲದ ಬೀಡಿ ಕಂಪನಿಗಳು ಕಣ್ಣೂರಿನ ತಮ್ಮ ಶಾಖೆಗಳನ್ನು ಮುಚ್ಚಿ ಬಂದವು. ಕೆಲಸ ಕಳೆದುಕೊಂಡವರಿಗಾಗಿ ಮರುವರ್ಷ ಅಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಕಣ್ಣೂರಿನ ಬೀಡಿ ಕೊಟ್ಟಿಗೆಗಳಲ್ಲೂ ಒಬ್ಬರು ಪತ್ರಿಕೆ, ಕಾದಂಬರಿ ಗಟ್ಟಿಯಾಗಿ ಓದುತ್ತಿದ್ದರು, ಅವರ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ಹವಾನಾದ ಪದ್ಧತಿಯೇ, ಆದರೆ ಯಾವ ಪೆಟ್ಟಿಗೆಯ ಮೇಲೂ ಅದರ ಚಿನ್ನದ ಅಕ್ಷರವಿಲ್ಲ.

ಮೌಲ್ಯದ ಲೆಕ್ಕ ಇಲ್ಲಿಂದ ಶುರುವಾಗಬೇಕು. ಕ್ಯೂಬಾದ ರೈತ ತನ್ನ ಎಲೆಯ ಬಹುಪಾಲನ್ನು ಸರ್ಕಾರಕ್ಕೆ, ಸರ್ಕಾರ ಗೊತ್ತುಮಾಡಿದ ಬೆಲೆಗೆ ಕೊಡಬೇಕು. ಹಾಂಗ್‌ಕಾಂಗಿನ ಬೆಲೆ ಅವನ ಹೊಲಕ್ಕೆ ಅಳತೆಗೋಲಲ್ಲ. 2022ರ ಸೆಪ್ಟೆಂಬರ್ ಕೊನೆಯಲ್ಲಿ, ಕೊಹೀಬಾ ಬೆಲೆ ಏರಿದ ಅದೇ ವರ್ಷ, ಇಯಾನ್ ಚಂಡಮಾರುತ ಪಿನಾರ್ ದೆಲ್ ರಿಯೊಗೆ ಬಡಿದು ಎಲೆ ಒಣಗಿಸುವ ಮನೆಗಳನ್ನು ಸಾವಿರಗಟ್ಟಲೆ ಕೆಡವಿತು. ರೈತನ ಹೆಸರೇ ಉಂಗುರದ ಮೇಲೆ ಬಂದ ಅಪರೂಪದ ಉದಾಹರಣೆಯೂ ಇದೆ: ಸಾನ್ ಲೂಯಿಸ್‌ನ ಅಲೆಹಾಂದ್ರೊ ರೊಬಾಯ್ನಾ. ಅವರು ಬದುಕಿದ್ದಾಗಲೇ, 1997ರಲ್ಲಿ, ವೇಗಾಸ್ ರೊಬಾಯ್ನಾ ಎಂಬ ಬ್ರ್ಯಾಂಡ್ ಬಂತು. 2010ರಲ್ಲಿ ತೀರಿಕೊಂಡರು. ಅಂಥ ಇನ್ನೊಂದು ಹೆಸರು ಹೇಳಿ ಎಂದರೆ ರಸಿಕರು ತಡವರಿಸುತ್ತಾರೆ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಸಿಗರೇಟಿನ ತಂಬಾಕು ಬೆಳೆಯುವವರನ್ನು ಕೇಳಿದರೆ ಎಲೆ ಮುಟ್ಟಿ, ಮೂಸಿ ದರ್ಜೆ ಹೇಳುತ್ತಾರೆ. ತಂಬಾಕು ಮಂಡಳಿಯ ಹರಾಜು ಕಟ್ಟೆಯಲ್ಲಿ ಮಾತ್ರ ಕೊಳ್ಳುವವರು ಹೇಳಿದ್ದೇ ಬೆಲೆ. ಅವರ ಮೂಗಿಗೆ ಯಾರೂ 97 ಕೊಟ್ಟಿಲ್ಲ.

ಲೆಕ್ಕದ ಇನ್ನೊಂದು ಕಲಮು ದೇಹದ್ದು. ದಪ್ಪನೆಯ ಒಂದು ಸಿಗಾರಿನಲ್ಲಿ ಒಂದು ಪ್ಯಾಕು ಸಿಗರೇಟಿನಷ್ಟು ತಂಬಾಕು ಇರಬಹುದು. ಹೊಗೆ ಎದೆಗಿಳಿಸದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರ್ ಬಿಡುವುದಿಲ್ಲ. ರುಚಿಯ ಬಗ್ಗೆ ಸಾವಿರ ಪದ ಬರೆಯುವವರು ಇದಕ್ಕೆ ಒಂದು ಸಾಲೂ ಖರ್ಚು ಮಾಡುವುದಿಲ್ಲ. ಹವಾನಾದಲ್ಲಿ ನಡೆಯುವ ಸಿಗಾರ್ ಉತ್ಸವದ ಕೊನೆಯ ರಾತ್ರಿ ಸಿಗಾರ್ ತುಂಬಿದ ಅಲಂಕೃತ ಪೆಟ್ಟಿಗೆಗಳು ಲಕ್ಷಾಂತರ ಯೂರೋಗೆ ಹರಾಜಾಗುತ್ತವೆ. ಆ ಹಣ ಹೋಗುವುದು ಕ್ಯೂಬಾದ ಆರೋಗ್ಯ ಇಲಾಖೆಗೆ. ಇದನ್ನು ಕಾದಂಬರಿಕಾರ ಬರೆದಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು.

ಕ್ಯೂಬಾದ ವಿದ್ವಾಂಸ ಫೆರ್ನಾಂದೊ ಓರ್ತಿಸ್ 1940ರಲ್ಲೇ ತಂಬಾಕು ಮತ್ತು ಸಕ್ಕರೆಯನ್ನು ಎದುರುಬದುರು ನಿಲ್ಲಿಸಿ ದೇಶದ ಚರಿತ್ರೆ ಬರೆದರು. ಗಡಿಪಾರಿನಂತೆ ಲಂಡನ್ನಿನಲ್ಲಿ ಬದುಕಿದ ಕಾದಂಬರಿಕಾರ ಗಿಯೆರ್ಮೊ ಕಬ್ರೇರಾ ಇನ್ಫಾಂತೆ 1985ರಲ್ಲಿ ಸಿಗಾರಿನ ಮೇಲೆ ಒಂದು ಇಡೀ ಪುಸ್ತಕವನ್ನು ಇಂಗ್ಲಿಷಿನಲ್ಲೇ ಬರೆದರು. ಎಲೆಯ ಬಗ್ಗೆ ಬರೆಯುವುದೆಂದರೆ ಊರು, ಕೂಲಿ, ವಲಸೆಗಳ ಬಗ್ಗೆಯೂ ಬರೆಯುವುದು ಎಂದು ಇಂಥವರಿಗೆ ಗೊತ್ತಿತ್ತು. ಅಂಕಪಟ್ಟಿಯ ವಿಮರ್ಶಕರಿಗೆ ಪೆಟ್ಟಿಗೆ ತೆರೆದಲ್ಲಿಂದ ಮಾತ್ರ ಚರಿತ್ರೆ ಶುರು.

ಹಾಗೆ ನೋಡಿದರೆ ಕ್ಯೂಬಾದ ಕಾರ್ಖಾನೆಯೊಳಗೇ ವಿಮರ್ಶಕರಿದ್ದಾರೆ. ಕತಾದೋರ್ ಎಂದು ಅವರಿಗೆ ಹೆಸರು. ಆ ದಿನಗಳಲ್ಲಿ ಸುತ್ತಿದ ಸಿಗಾರುಗಳಿಂದ ಕೆಲವನ್ನು ಎತ್ತಿಕೊಂಡು ಸ್ವಲ್ಪವೇ ಸೇದುತ್ತಾರೆ, ನಡುನಡುವೆ ಸಕ್ಕರೆಯಿಲ್ಲದ ಚಹಾದಿಂದ ಬಾಯಿ ತೊಳೆಯುತ್ತಾರೆ. ಅವರು ನೋಡುವುದು ಎಳೆತ, ಉರಿ, ಖಾರ, ಪರಿಮಳ, ರುಚಿ. ಕೇಳುವ ಪ್ರಶ್ನೆಯೂ ಒಂದೇ: ಇದು ತನ್ನ ಹೆಸರಿಗೆ ತಕ್ಕಂತೆ ಇದೆಯೇ? ತಪ್ಪಿದ್ದರೆ ಮಾತು ಸುತ್ತಿದವರ ಮೇಜಿಗೆ, ಮಿಶ್ರಣದ ಕೋಣೆಗೆ ವಾಪಸು ಹೋಗುತ್ತದೆ. ನಾಳೆಯ ಸಿಗಾರು ಅದರಿಂದ ಬದಲಾಗುತ್ತದೆ. ಅವರ ಮಾತು ಇನ್ನೊಬ್ಬರು ಸೇದಿ ಪರೀಕ್ಷಿಸಬಹುದಾದ ಮಾತು. ಬಿಗಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ವಿಮರ್ಶೆ ಎಂಬ ಪದಕ್ಕೆ ನಾನು ಕೊಡುವ ಅರ್ಥ ಇದು, ಸಿಗಾರಿಗಾದರೂ ಸರಿ, ಕಥಾಸಂಕಲನಕ್ಕಾದರೂ ಸರಿ. 97 ಎಂಬ ಅಂಕದಿಂದ ಯಾವ ಮೇಜಿನಲ್ಲೂ ಏನೂ ಬದಲಾಗಲಿಲ್ಲ, ಅಂಗಡಿಯಲ್ಲಿ ಮಾತ್ರ ಬದಲಾಯಿತು.

ಕ್ಯೂಬಾ ಸಿಗಾರಿನ ಪೆಟ್ಟಿಗೆಯ ತಳದಲ್ಲಿ ಅದು ಯಾವ ಕಾರ್ಖಾನೆಯದು, ಯಾವ ತಿಂಗಳು ಯಾವ ವರ್ಷ ಪ್ಯಾಕಾಯಿತು ಎಂಬ ಮುದ್ರೆ ಒತ್ತಿರುತ್ತಾರೆ. ಒಂದು ಬೆಹೀಕೆಯ ಹಣದಲ್ಲಿ ಕನ್ನಡ ಪುಸ್ತಕಗಳ ಒಂದು ಕಪಾಟೇ ತುಂಬುವ ಈ ಕಾಲದಲ್ಲಿ, ಮುಂದಿನ ಸಲ ಯಾರಾದರೂ ಹೊಗೆಯನ್ನು ಚಾವಣಿಗೆ ಬಿಡುತ್ತ ‘ಇದಕ್ಕೆ ತೊಂಬತ್ತೇಳು ಬಂದಿದೆ ಗೊತ್ತಾ’ ಅಂದರೆ, ಪೆಟ್ಟಿಗೆ ಮಗುಚಿ ತೋರಿಸಲು ಹೇಳಿ. ಯಾವ ತಿಂಗಳಿನದಕ್ಕೆ ಬಂದದ್ದು?